ಕೆರೆಯ ಹೂಳಲ್ಲಿ ಮನುಷ್ಯನ ಪದರ ಹುಡುಕಿದ್ದು

ನಾನು ನವಲಗುಂದ ತಾಲ್ಲೂಕಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಮನುಷ್ಯ ಭೂಮಿಯ ಮೇಲೆ ಬಿಟ್ಟ ಗುರುತನ್ನು ಅವರಿಗೆ ಮಣ್ಣಲ್ಲೇ ತೋರಿಸಬೇಕು ಅನ್ನಿಸಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿದಾಗ ಜೆಸಿಬಿ ಕಡಿದ ಮಣ್ಣಿನ ಗೋಡೆ ಸಿಕ್ಕಿತು.

ಯಂತ್ರ ನಿಂತ ಮೇಲೆ, ಕುಸಿಯುವ ಭಯವಿಲ್ಲದ ತಗ್ಗು ಜಾಗ ಆರಿಸಿದೆವು. ಕುರ್ಪಿಯಿಂದ ಹೆರೆದು ನೀರು ಚಿಮುಕಿಸಿದರೆ ಪದರಗಳ ಬಣ್ಣ ಎದ್ದು ಕಾಣುತ್ತದೆ. ಟೇಪು ಇಳಿಬಿಟ್ಟು, ಪ್ರತಿ ವಸ್ತುವಿನ ಆಳವನ್ನು ಕೀಳುವ ಮೊದಲೇ ಬರೆದುಕೊಳ್ಳಬೇಕು.

ಮೇಲೆ ಶಾಂಪೂ ಪೊಟ್ಟಣ, ಹಾಲಿನ ಕವರು, ಸಿಮೆಂಟ್ ಚೂರು. ಕೆಳಗೆ ಬಳೆ ಚೂರು. ಇನ್ನೂ ಕೆಳಗೆ ಗಡಿಗೆ ಚೂರು, ಇದ್ದಿಲು. ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖು ಓದಲು ಬಂದರೆ ಒಂದು ಮಾತು ಗಟ್ಟಿಯಾಗಿ ಹೇಳಬಹುದು: ಅದು ಮಣ್ಣಲ್ಲಿ ಸೇರಿದ್ದು ಆ ತಾರೀಖಿನ ನಂತರವೇ.

ಆದರೆ ನಮ್ಮ ಎರೆ ಮಣ್ಣು ಸುಮ್ನೆ ಕೂರುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೇಲಿನ ಕವರು ಬಿರುಕಿನೊಳಗೆ ಇಳಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದು ಅಂತ ನಂಬುವ ಹಾಗಿಲ್ಲ. ಬಿರುಕಿನ ಗುರುತಿದ್ದ ಕಡೆ ಸಿಕ್ಕಿದ್ದನ್ನು ನಾವು ಬೇರೆಯಾಗಿಯೇ ಬರೆದೆವು.

ಕೆನಡಾದ ಕ್ರಾಫರ್ಡ್ ಸರೋವರ ಇದಕ್ಕೆ ಪೂರ್ತಿ ಉಲ್ಟಾ. ಚಿಕ್ಕದು, ಆದರೆ ಆಳ ಜಾಸ್ತಿ. ತಳದ ನೀರು ಮೇಲಿನದರ ಜೊತೆ ಬೆರೆಯುವುದಿಲ್ಲ. ವರ್ಷವರ್ಷದ ತೆಳು ಪದರ ಹಾಗೇ ಉಳಿದಿದೆ. 1950ರ ದಶಕದ ಪದರಗಳಲ್ಲಿ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಸಿಗುತ್ತದೆ. ಹಾಗಾಗಿ 2023ರಲ್ಲಿ ವಿಜ್ಞಾನಿಗಳ ಒಂದು ತಂಡ ಆಂಥ್ರೊಪೊಸೀನ್, ಅಂದರೆ ಭೂಮಿಯ ಮೇಲೆ ಮನುಷ್ಯನ ಪ್ರಭಾವವೇ ಎದ್ದು ಕಾಣುವ ಹೊಸ ಯುಗದ ಆರಂಭದ ಗುರುತಿಗೆ ಅದನ್ನೇ ಆರಿಸಿತು. 2024ರಲ್ಲಿ ಭೂವಿಜ್ಞಾನಿಗಳ ಸಮಿತಿ ಮತ ಹಾಕಿ ಈ ಯುಗವನ್ನೇ ಒಪ್ಪಲಿಲ್ಲ. ಅಧಿಕೃತ ಲೆಕ್ಕದ ಪ್ರಕಾರ ನಾವು ಇನ್ನೂ 11,700 ವರ್ಷಗಳ ಹಿಂದೆ ಶುರುವಾದ ಹೋಲೊಸೀನ್‌ನಲ್ಲೇ ಇದ್ದೇವೆ. ಬೇಸಾಯ, ಕಾಡು ಕಡಿಯುವುದು ಎಲ್ಲ ಎಷ್ಟೋ ಹಿಂದಿನದು, 1950ರ ಹತ್ತಿರ ಗೆರೆ ಎಳೆಯುವುದು ಹೇಗೆ ಎಂಬುದು ಒಪ್ಪದವರ ಒಂದು ವಾದ.

ನಮ್ಮ ಹುಡುಗಿಯೊಬ್ಬಳೂ ಅದನ್ನೇ ಕೇಳಿದಳು. "ಸರ್, ಗಡಿಗಿ ಚೂರೂ ಮನಷ್ಯಾಂದ ಅಲ್ರೀ?"

ಹೌದು. ಆದರೆ ಗಡಿಗೆ ಒಂದೊಂದು ಊರಿಗೆ ಒಂದೊಂದು ಕಾಲಕ್ಕೆ ಬಂತು. ಬಾಂಬಿನ ಧೂಳು ಜಗತ್ತಿನ ಮೇಲೆಲ್ಲ ಕೆಲವೇ ವರ್ಷಗಳಲ್ಲಿ ಬಿತ್ತು. ಸಮಿತಿ ಒಪ್ಪದಿದ್ದರೂ ಈ ವ್ಯತ್ಯಾಸ ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

ಎತ್ತಿದ ಹೂಳು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುತ್ತದೆ, ಕವರುಗಳ ಸಮೇತ. ಈಗ ಮಕ್ಕಳು ಹೂಳು ಹಾಕಿದ ಹೊಲ, ಹಾಕದ ಹೊಲ ಎರಡರಿಂದಲೂ ಮಣ್ಣು ತಂದು ಜರಡಿ ಹಿಡಿಯುತ್ತಿದ್ದಾರೆ.