ಹೊಸ ಮೋಡ್ ಸೇರಿಸುವ ಮುನ್ನ ಆಡುವವರನ್ನು ಎಣಿಸಿ

ವಿಡಿಯೋ ಗೇಮ್ ಮಾಡುವ ಸಣ್ಣ ಸ್ಟುಡಿಯೋದ ಮಲ್ಟಿಪ್ಲೇಯರ್ ಆಟ ಸ್ವಲ್ಪ ಹೆಸರು ಮಾಡಿದರೆ ಸಾಕು, ಹೊಸ ಮೋಡ್ (ಅದೇ ಆಟವನ್ನು ಬೇರೆ ನಿಯಮದಲ್ಲಿ ಆಡುವ ಬಗೆ) ಬೇಕು ಎಂಬ ಬೇಡಿಕೆ ಶುರುವಾಗುತ್ತದೆ. ತಂಡಕ್ಕೂ ಆಸೆಯೇ. ಕೋಡ್ ಬರೆಯಲು ಕೂರುವ ಮೊದಲು ಆಡುವವರನ್ನು ಎಣಿಸಿ.

ಅತಿ ಕಡಿಮೆ ಜನ ಇರುವ ಹೊತ್ತಿನ ಸಂಖ್ಯೆ ತೆಗೆದುಕೊಳ್ಳಿ. ಆಗ 180 ಜನ ಇದ್ದಾರೆ ಎಂದುಕೊಳ್ಳೋಣ. ಸರ್ವರ್ ಇರುವ ಪ್ರದೇಶ 3. ಹೊಸದೂ ಸೇರಿ ಮೋಡ್ 3. ಪ್ರತಿ ಪ್ರದೇಶದ ಪ್ರತಿ ಮೋಡ್‌ಗೂ ಬೇರೆ ಕ್ಯೂ (ಪಂದ್ಯಕ್ಕೆ ಕಾಯುವ ಸಾಲು), ಅಂದರೆ ಒಟ್ಟು 9 ಕ್ಯೂ, ಒಂದೊಂದಕ್ಕೆ ಸರಾಸರಿ 20 ಜನ. ಒಂದು ಪಂದ್ಯಕ್ಕೆ 10 ಜನ ಬೇಕಾದರೆ ಎರಡೇ ಪಂದ್ಯ. ಅವು ನಡೆಯುತ್ತಿರುವಾಗ ಬಂದವರು ಸುಮ್ನೆ ಕಾಯಬೇಕು. ಬೇಸತ್ತು ಕೆಲವರು ಹೋಗುತ್ತಾರೆ, ಉಳಿದವರಿಗೆ ಕಾಯುವುದು ಇನ್ನೂ ಜಾಸ್ತಿ. ಸಮಬಲದವರನ್ನು ಜೋಡಿಸುವ ಮಾತಂತೂ ದೂರವೇ ಉಳಿಯಿತು. ಲೆಕ್ಕ ಇಲ್ಲೇ ಕೈಕೊಟ್ಟರೆ ಹೊಸ ಕ್ಯೂ ತೆರೆಯಬೇಡಿ. ಈಗಾಗಲೇ ಇರುವ ಕ್ಯೂಗಳಲ್ಲೇ ಒಂದರಲ್ಲಿ ವಾರಕ್ಕೊಂದು ಮೋಡ್ ಸರದಿಯಂತೆ ಬರಲಿ.

ಎರಡನೆಯದಾಗಿ, ಆಡುವವರು ತಾವಾಗಿ ಏನು ಕಟ್ಟಿಕೊಂಡಿದ್ದಾರೆ ನೋಡಿ. 2018ರಲ್ಲಿ ಬಂದ ಅಮಾಂಗ್ ಅಸ್ ಎಂಬ ಆಟದಲ್ಲಿ ಜನ ಲಾಬಿ (ಪಂದ್ಯಕ್ಕೆ ಮುನ್ನ ಎಲ್ಲರೂ ಸೇರುವ ಕೋಣೆ) ತೆರೆದು, ಸೆಟ್ಟಿಂಗ್ ಬದಲಿಸಿ, ಬಾಯಿಮಾತಿನ ನಿಯಮ ಹಾಕಿಕೊಂಡು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಆ ಆಟ ಮಾಡಿದ ಇನ್ನರ್‌ಸ್ಲಾತ್ ಸ್ಟುಡಿಯೋ 2022ರ ಡಿಸೆಂಬರ್‌ನಲ್ಲಿ ಅದನ್ನೇ ಅಧಿಕೃತ ಮೋಡ್ ಮಾಡಿತು. ಬೇಡಿಕೆ ಇದೆಯೋ ಇಲ್ಲವೋ ಎಂದು ಊಹಿಸುವ ಕಷ್ಟವೇ ಇರಲಿಲ್ಲ. ಸಣ್ಣ ತಂಡಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಮೂರನೆಯದು, ಒಂದೇ ಒಂದು ನಿಯಮ ಬದಲಿಸಿ. ಮ್ಯಾಪ್, ಪಾತ್ರ, ಆಯುಧ ಹಳೆಯವೇ ಇರಲಿ. ಹೊಸ ಮ್ಯಾಪ್ ಬೇಕೇ ಬೇಕು ಅನ್ನಿಸಿದರೆ ಅದು ಮುಂದಿನ ಅಪ್‌ಡೇಟ್‌ಗೆ.

ಆಮೇಲೆ ಕಣ್ಣಿಗೆ ಬೀಳದ ಕೆಲಸಗಳ ಪಟ್ಟಿ. ಪಂದ್ಯದ ನಡುವೆ ಒಬ್ಬರ ನೆಟ್ ಹೋದರೆ ಏನು? ಅವರು ವಾಪಸ್ ಬಂದರೆ ಎಲ್ಲಿಂದ ಆಡಬೇಕು? ಔಟಾದವರು ಪಂದ್ಯ ಮುಗಿಯುವವರೆಗೆ ಏನು ನೋಡುತ್ತಿರಬೇಕು? ಸ್ಕೋರ್ ಪರದೆ, ಹೊಸಬರಿಗೆ ನಿಯಮ ಹೇಳುವ ಪುಟ, ಅನುವಾದ, ಮೋಸ ತಡೆಯುವ ವ್ಯವಸ್ಥೆ, ಎಲ್ಲವನ್ನೂ ಬರೆಯಿರಿ. ಮೋಡ್‌ನ ಮಜಾ ಬೇಗ ಕೈಗೆ ಸಿಗುತ್ತದೆ. ಸಮಯ ತಿನ್ನುವುದು ಈ ಪಟ್ಟಿ. ಇದು ಉದ್ದವಾದರೆ ಮೋಡ್ ಅನ್ನೇ ಚಿಕ್ಕದು ಮಾಡಿ, ಪಟ್ಟಿಯ ಕೆಲಸ ಕೈಬಿಡಬೇಡಿ.

ಸರ್ವರ್‌ನಿಂದಲೇ ಮೋಡ್ ಆಫ್ ಮಾಡುವ ಸ್ವಿಚ್ ಮೊದಲೇ ಇಡಿ. ಕನ್ಸೋಲ್‌ಗಳಲ್ಲಿ ಪ್ಯಾಚ್‌ಗೆ (ತಪ್ಪು ಸರಿಪಡಿಸುವ ಅಪ್‌ಡೇಟ್‌ಗೆ) ಒಪ್ಪಿಗೆ ಸಿಗಲು ದಿನಗಳೇ ಹಿಡಿಯಬಹುದು. ಕೆಟ್ಟ ಮೋಡ್ ಅಲ್ಲಿಯವರೆಗೆ ಹಾಗೇ ಇರಬಾರದು, ಅಲ್ವಾ? ಬಿಡುಗಡೆ ಮಾಡುವಾಗ ಇಷ್ಟೇ ದಿನ ಇರುತ್ತದೆ ಎಂದು ಹೇಳಿಬಿಡಿ. ತಾವೇ ಮಾಡಿದ ಮೋಡ್ ತೆಗೆಯಲು ಯಾವ ತಂಡಕ್ಕೂ ಮನಸ್ಸು ಬರುವುದಿಲ್ಲ. ಅದಕ್ಕೇ, ಕ್ಯೂನಲ್ಲಿ ಕಾಯುವ ಹೊತ್ತು ಎಷ್ಟು ನಿಮಿಷ ದಾಟಿದರೆ ಅದನ್ನು ನಿಲ್ಲಿಸಬೇಕು ಎಂಬುದನ್ನು ಬಿಡುಗಡೆಗೆ ಮುಂಚೆಯೇ ಎಲ್ಲರೂ ಕೂತು ಒಪ್ಪಿ ಬರೆದಿಡಿ.