ಮೋರಿ ಕಟ್ಟದ ಸೀಗೆಕಾಯಿ ಸ್ನಾನ

ಮುಂಬೈಗೆ ಬಂದ ಹೊಸತರಲ್ಲಿ ಊರಿಂದ ತಂದ ಸೀಗೆಪುಡಿಯನ್ನೇ ಪ್ರತಿ ಭಾನುವಾರ ತಲೆಗೆ ಹಚ್ಚುತ್ತಿದ್ದೆ. ಐದನೇ ಭಾನುವಾರ ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಪ್ಲಂಬರ್ ಜಾಲಿ ಎತ್ತಿ, ಕೂದಲು ಸುತ್ತಿಕೊಂಡಿದ್ದ ಕಂದು ಮುದ್ದೆಯೊಂದನ್ನು ಎಳೆದು ತೆಗೆದು, ‘ತಾಈ, ಹೇ ಕಾಯ್?’ (ಅಕ್ಕಾ, ಇದೇನು?) ಅಂದ. ಊರಲ್ಲಾದರೆ ಬಚ್ಚಲ ನೀರು ಬಾಳೆಬುಡಕ್ಕೆ ಹೋಗುತ್ತದೆ. ನಾಲ್ಕನೇ ಮಹಡಿಯಲ್ಲಿ ಬಾಳೆಬುಡ ಎಲ್ಲಿಂದ ಬರಬೇಕು? ಅಂದಿನಿಂದ ಪುಡಿ ಬಂದ್, ಕಷಾಯ ಶುರು. ಕೂದಲಲ್ಲಿ ತರಿ ಉಳಿಯುವ ರಗಳೆಯೂ ತಪ್ಪಿತು.

ಭುಜ ದಾಟಿದ ಕೂದಲಿಗೆ ಒಂದು ಸಲಕ್ಕೆ 8–10 ಒಣ ಸೀಗೆಕಾಯಿ, 3 ಅಂಟುವಾಳಕಾಯಿ, 1 ಚಮಚ ಮೆಂತ್ಯ ಸಾಕು. ಮಾಟುಂಗಾ ಮಾರ್ಕೆಟ್‌ನಲ್ಲಿ ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಗಳಿವೆ. ಬೇರೆ ಕಡೆ ‘ಶಿಕೇಕಾಯಿ’, ‘ರೀಠಾ’ ಅಂತ ಕೇಳಿ. ಇಡೀ ಕಾಯನ್ನೇ ಕೊಳ್ಳಿ, ಪುಡಿಯಲ್ಲಿ ಏನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಸೀಗೆಕಾಯಿ ಸೋಪು ಬೇಡ. ಹೆಸರು ಏನೇ ಇರಲಿ, ಅದು ಸೋಪೇ ಅಲ್ವಾ?

ಸೋಪಿನ ಪಿಎಚ್ (ಹುಳಿ–ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಸಾಮಾನ್ಯವಾಗಿ 9–10. ನೆತ್ತಿಯದು ಸುಮಾರು 5.5. ಅದಕ್ಕೇ ಸೋಪು ಹಾಕಿದ ಕೂದಲು ಹುಲ್ಲಿನಂತಾಗುವುದು. ಸೀಗೆಕಾಯಿಯ ನೀರು ಕೊಂಚ ಹುಳಿಯ ಕಡೆಗಿರುತ್ತದೆ. ಅದರಲ್ಲಿರುವ, ನೊರೆ ಬರಿಸುವ ಸಪೋನಿನ್ ಕೊಳೆ ಬಿಡಿಸುತ್ತದೆ, ನೆತ್ತಿ ತಾನಾಗಿ ಬಿಡುವ ಜಿಡ್ಡನ್ನು ಪೂರ್ತಿ ಕೀಳುವುದಿಲ್ಲ. ಅಂಟುವಾಳ ಮಾತ್ರ ಜೋರು. ನೊರೆಯ ಆಸೆಗೆ ಹತ್ತು ಕಾಯಿ ಹಾಕಿದರೆ ಕೂದಲು ಒಣಗಿ ಪೊರಕೆಯಂತಾಗುತ್ತದೆ. ಮೊದಲೇ ಒಣ ಕೂದಲಾದರೆ ಒಂದೇ ಸಾಕು.

ಹಿಂದಿನ ರಾತ್ರಿ ಅಂಟುವಾಳ ಒಡೆದು ಕಪ್ಪು ಬೀಜ ತೆಗೆಯಿರಿ. ಎಲ್ಲವನ್ನೂ 3 ಲೋಟ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು 15–20 ನಿಮಿಷ ಕುದಿಸಿ. ಕಬ್ಬಿಣದ ಬಾಣಲೆಯಾದರೆ ಕಷಾಯ ಕಪ್ಪಾಗುತ್ತದೆ. ಪಕ್ಕದಲ್ಲೇ ಇರಿ, ನೊರೆ ಹಾಲಿನ ಹಾಗೆ ಉಕ್ಕಿ ಒಲೆ ತುಂಬುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಿ. ತೆಳು ಸಾರಿನ ಬಣ್ಣ, ಬೆರಳಿಗೆ ಸ್ವಲ್ಪ ಲೋಳೆ. ಆ ಲೋಳೆ ಮೆಂತ್ಯದ್ದು, ಸಿಕ್ಕು ಬಿಡಿಸಲು ಅದೇ ಸಹಾಯ.

ಸ್ನಾನಕ್ಕೆ ಅರ್ಧ ಗಂಟೆ ಮೊದಲು 2 ಚಮಚ ಕೊಬ್ಬರಿ ಎಣ್ಣೆ ಹಚ್ಚಿ. ಜಾಸ್ತಿ ಸುರಿದರೆ ಈ ಕಷಾಯಕ್ಕೆ ಜಗ್ಗುವುದಿಲ್ಲ, ಕೊನೆಗೆ ಶಾಂಪೂ ಬಾಟಲಿಗೇ ಕೈ ಹೋಗುತ್ತದೆ. (ಶಾಂಪೂ ಅನ್ನುವ ಪದ ಹುಟ್ಟಿದ್ದೇ ‘ಒತ್ತುವುದು’ ಅನ್ನುವ ಅರ್ಥದ ಹಿಂದಿಯ ‘ಚಾಂಪ್ನಾ’ದಿಂದ. ನಮ್ಮ ಚೌಪಾಟಿಯ ತಲೆ ಮಾಲೀಸು ‘ಚಂಪಿ’ಯೂ ಅದೇ ಬಳಗ.) ಉಗುರು ಬೆಚ್ಚಗಿನ ನೀರಲ್ಲಿ ಕೂದಲು ನೆನೆಸಿ, ಕಷಾಯವನ್ನು ಮೂರು ಸಲ ನೆತ್ತಿಗೆ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಕಣ್ಣು ಗಟ್ಟಿ ಮುಚ್ಚಿರಲಿ, ಹೋದರೆ ಬಹಳ ಉರಿಯುತ್ತದೆ. ಟ್ಯಾಂಕರ್‌ನ ಗಡಸು ನೀರು ಬರುವ ಸೊಸೈಟಿಯವರು ಕೊನೆಯ ಎರಡು ಚೊಂಬಿಗಾದರೂ ಪಾಲಿಕೆಯ ನೀರು ಎತ್ತಿಟ್ಟುಕೊಳ್ಳಿ.

ಮಕ್ಕಳ ಕೂದಲಿಗೆ ಇಷ್ಟೂ ಬೇಡ. ಕಿಟಕಿ ಗ್ರಿಲ್‌ನ ಕುಂಡದಿಂದ 15–20 ದಾಸವಾಳದ ಎಲೆ ಕಿತ್ತು, ನೀರಲ್ಲಿ ಕಿವುಚಿ ಸೋಸಿದರೆ ಗೊಂಪು (ತಲೆಗೆ ಹಚ್ಚುವ ಲೋಳೆ) ತಯಾರು. ಅಮ್ಮ ನಮಗೆ ಹಚ್ಚುತ್ತಿದ್ದದ್ದು ಇದನ್ನೇ.

ಅಡುಗೆ ಸೋಡಾ ಮಾತ್ರ ತಲೆಗೆ ಹಾಕಬೇಡಿ, ಅದು ಕ್ಷಾರ. ಮೊದಲ ಸಲವಾದರೆ ಕಷಾಯವನ್ನು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯಿರಿ. ತಲೆಹೊಟ್ಟಿನ ಜತೆ ಹುಣ್ಣು, ವಿಪರೀತ ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಉಳಿದ ಕಷಾಯ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಹಿಂಡಿದ ಚರಟ ಓಲಾ ಕಚರಾ (ಹಸಿ ಕಸ) ಡಬ್ಬಿಗೆ. ಮೋರಿಗೆ ಮಾತ್ರ ಬೇಡ.