ಟಿವಿ ಆನ್ ಆಗ್ತಿಲ್ವಾ? ಮೊದ್ಲು ಕೆಂಪು ಲೈಟ್ ನೋಡಿ

ಟಿವಿ ಆನ್ ಆಗ್ಲಿಲ್ಲ ಅಂದ್ರೆ ನಾವೆಲ್ಲ ಮೊದ್ಲು ಮಾಡೋದು ರಿಮೋಟನ್ನ ಅಂಗೈಗೆ ಪಟಪಟ ಅಂತ ಬಡಿಯೋದು, ಆಮೇಲೆ ಶೆಲ್ ತೆಗೆದು ಪಂಚೆಗೋ ಪ್ಯಾಂಟಿಗೋ ಉಜ್ಜಿ ವಾಪಸ್ ಹಾಕೋದು. ಅದಿರ್ಲಿ, ಅದಕ್ಕಿಂತ ಮುಂಚೆ ಟಿವಿ ಕೆಳಗಡೆ ಅಂಚಲ್ಲಿರೋ ಪುಟ್ಟ ಲೈಟ್ ನೋಡಿ, ಸುಮಾರು ಸೆಟ್ಟಲ್ಲಿ ಕೆಂಪು, ಕೆಲವದ್ರಲ್ಲಿ ಬಿಳಿ. ಅದು ಉರೀತಿದ್ಯಾ ಇಲ್ವಾ ಅನ್ನೋದ್ರಲ್ಲೇ ಅರ್ಧ ವಿಷಯ ಗೊತ್ತಾಗತ್ತೆ.

ಲೈಟೇ ಇಲ್ವಾ, ಹಂಗಾದ್ರೆ ಅದೇ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮಧ್ಯ ಸ್ಟೆಬಿಲೈಸರ್, ಎಕ್ಸ್‌ಟೆನ್ಷನ್ ಬಾಕ್ಸ್ ಇದ್ರೆ ಅದನ್ನೆಲ್ಲ ಬಿಟ್ಟು ಸೀದಾ ಗೋಡೆ ಪಾಯಿಂಟಿಗೆ ಹಾಕಿ, ಎಷ್ಟೋ ಸಲ ಸತ್ತಿರೋದು ಎಕ್ಸ್‌ಟೆನ್ಷನ್ನೇ. ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನೇ ಕೆಳಗೆ ಬೀಳೋ ಸ್ವಿಚ್) ಬಿದ್ದಿದ್ಯಾ ಅಂತನೂ ಒಂದ್ಸಲ ನೋಡ್ಕೊಳ್ಳಿ. ಆಮೇಲೆ ಟಿವಿ ಹಿಂದಿನ ಪವರ್ ಕೇಬಲ್. ಇದನ್ನ ಯಾರೂ ನೋಡಲ್ಲ. ನಮ್ಮನೇಲಿ ಗೌರಿ ಹಬ್ಬಕ್ಕೆ ಧೂಳು ಹೊಡೆದ ಮಾರನೇ ದಿನ ಟಿವಿ ಸತ್ತೋಯ್ತು ಅಂತ ಮೆಕ್ಯಾನಿಕ್ ಕರೆಸಿದ್ವಿ, ಅವ್ನು ಬಂದು ಹಿಂದೆ ಕೈ ಹಾಕಿ ಆ ಎಂಟರ ಆಕಾರದ ಪಿನ್ನನ್ನ ಹೆಬ್ಬೆರಳಲ್ಲಿ ಒತ್ತಿದ, ಟಿವಿ ಬಂತು, ಕಾಫಿ ಕುಡಿದು ಮುನ್ನೂರು ರೂಪಾಯಿ ತಗೊಂಡ್ ಹೋದ.

ಲೈಟ್ ಇದೆ ಆದ್ರೆ ಆನ್ ಆಗ್ತಿಲ್ಲ ಅಂದ್ರೆ ಟಿವಿಯಲ್ಲೇ ಇರೋ ಬಟನ್ ಒತ್ತಿ, ಸಾಮಾನ್ಯವಾಗಿ ಲೋಗೋ ಕೆಳಗೋ ಹಿಂಭಾಗದಲ್ಲೋ ಅಡಗಿರತ್ತೆ. ಅದರಲ್ಲಿ ಆನ್ ಆದ್ರೆ ತೊಂದ್ರೆ ರಿಮೋಟ್‌ದು. ಮೊಬೈಲ್ ಕ್ಯಾಮೆರಾ ಎದುರಿಗೆ ರಿಮೋಟ್ ಹಿಡಿದು ಬಟನ್ ಒತ್ತಿದ್ರೆ ತುದೀಲಿ ನೇರಳೆ ಬೆಳಕು ಮಿನುಗ್ಬೇಕು, ಹಿಂದಿನ ಕ್ಯಾಮೆರಾದಲ್ಲಿ ಕಾಣ್ದಿದ್ರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಬಟನ್ನಿಗೂ ಬರ್ಲಿಲ್ಲ ಅಂದ್ರೆ ಪ್ಲಗ್ ಪೂರ್ತಿ ಕಿತ್ತು, ಟಿವಿ ಬಟನ್ನನ್ನ 30 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಹತ್ತು ನಿಮಿಷ ಬಿಟ್ಟು ಹಾಕಿ. ಸ್ಮಾರ್ಟ್ ಟಿವಿ ಅಂದ್ರೆ ಒಳಗೊಂದು ಕಂಪ್ಯೂಟರೇ, ಅದೂ ಹ್ಯಾಂಗ್ ಆಗತ್ತೆ, ಕರೆಂಟ್ ಕೂಡಿಟ್ಕೊಳ್ಳೋ ಕೆಪಾಸಿಟರ್ ಅನ್ನೋ ಭಾಗದಲ್ಲಿ ಉಳಿದಿರೋದು ಇಳಿದ್ರೆ ಹೊಸದಾಗಿ ಶುರುವಾಗತ್ತೆ. ಲೈಟ್ ಮಿಣಮಿಣ ಅಂತಿದ್ರೆ ಎಷ್ಟು ಸಲ ಮಿಣುಕಿ ನಿಲ್ಲತ್ತೆ ಅಂತ ಎಣಿಸಿ ವಿಡಿಯೋ ಮಾಡಿಟ್ಕೊಳ್ಳಿ, ಆ ಲೆಕ್ಕಕ್ಕೆ ಒಂದೊಂದು ಕಂಪನೀದು ಒಂದೊಂದು ಅರ್ಥ, ಸರ್ವಿಸ್‌ನೋರಿಗೆ ಉಪಯೋಗ ಆಗತ್ತೆ.

ಇನ್ನೊಂದು ಮಜಾ ಕೇಸ್: ಸೌಂಡ್ ಬರತ್ತೆ, ಪರದೆ ಕಪ್ಪು. ಇದು ಆನ್ ಆಗದ ಟಿವಿ ಅಲ್ವೇ ಅಲ್ಲ. ರೂಮ್ ಕತ್ಲೆ ಮಾಡಿ, ಮೊಬೈಲ್ ಟಾರ್ಚನ್ನ ಪರದೆಗೆ ಹತ್ತಿರ ಓರೆಯಾಗಿ ಹಿಡೀರಿ, ಮಸುಕಾಗಿ ಚಿತ್ರ ಓಡಾಡೋದು ಕಂಡ್ರೆ ಪ್ಯಾನೆಲ್, ಅಂದ್ರೆ ಚಿತ್ರ ಮೂಡಿಸೋ ಪರದೆ, ಚೆನ್ನಾಗೇ ಇರತ್ತೆ, ಹೋಗಿರೋದು ಹಿಂದಿನ ಬ್ಯಾಕ್‌ಲೈಟ್ (ಪರದೆಗೆ ಬೆಳಕು ಕೊಡೋ ಎಲ್‌ಇಡಿ ಸಾಲು) ಅಥವಾ ಅದಕ್ಕೆ ಕರೆಂಟ್ ಕೊಡೋ ಭಾಗ. ಸೀರಿಯಲ್ ಸೆಟ್ ಥರ ಒಂದು ಎಲ್‌ಇಡಿ ಹೋದ್ರೆ ಸಾಲಿಗೆ ಸಾಲೇ ಆರೋಗತ್ತೆ.

ಇಷ್ಟರ ಮೇಲೆ ಸ್ಕ್ರೂಡ್ರೈವರ್ ಹಿಡಿಯೋಕೆ ಹೋಗ್ಬೇಡಿ ಮಾರಾಯ್ರೆ. ನಮ್ಮ 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ ಹೆಚ್ಚೂಕಮ್ಮಿ 325 ವೋಲ್ಟ್ ಆಗತ್ತೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಲ್ಲಿ ಅದು ಉಳಿದಿರಬಹುದು. ಮಲೆನಾಡು ಕಡೆಯೋರು ಗುಡುಗು ಶುರುವಾದ್ ತಕ್ಷಣ ಪ್ಲಗ್ ಜೊತೆ ಡಿಶ್ ಕೇಬಲ್ಲೂ ಕಿತ್ತಿಡಿ, ಸಿಡಿಲು ಆ ವೈರಿಂದನೂ ಬರತ್ತೆ. ಹಲ್ಲಿ ಕಥೆ ಬೇರೆ, ಬೆಚ್ಚಗಿರತ್ತೆ ಅಂತ ಹಿಂದಿನ ತೂತಿಂದ ನುಗ್ಗಿ ಬೋರ್ಡ್ ಶಾರ್ಟ್ ಮಾಡಿ ತಾನೂ ಅಲ್ಲೇ ಒಣಗಿರತ್ತೆ.

ಮೆಕ್ಯಾನಿಕ್ ಬಂದು ಪ್ಯಾನೆಲ್ ಹೋಗಿದೆ ಅಂದ್ರೆ ಆ ಟಾರ್ಚ್ ಟೆಸ್ಟ್ ನಿಮ್ಮೆದುರಿಗೇ ಮಾಡ್ಸಿ. ನಿಜವಾಗ್ಲೂ ಪ್ಯಾನೆಲ್ಲೇ ಆದ್ರೆ ರಿಪೇರಿ ಬಿಡಿ, ಅದರ ರೇಟಿಗೆ ಇನ್ನೊಂಚೂರು ಹಾಕಿದ್ರೆ ಹೊಸ ಟಿವೀನೇ ಬರತ್ತೆ.